ಸಂಜೆ ಆರರ ನಂತರದ ರಸಾಯನಶಾಸ್ತ್ರ

ನಾನು ರಸಾಯನಶಾಸ್ತ್ರದ ಎಂ.ಎಸ್ಸಿ.ಗೆ ಸೇರಿದ್ದು 1963ರಲ್ಲಿ. ಹೆಣ್ಣು ಎಂಬ ಕಾರಣಕ್ಕೆ ಅರ್ಜಿಯನ್ನು ತಳ್ಳಿಹಾಕುವ ನಿಯಮ ಆ ಹೊತ್ತಿಗೆ ನಮ್ಮ ವಿಶ್ವವಿದ್ಯಾಲಯದಲ್ಲಿ ಇರಲಿಲ್ಲ, ಬಿ.ಎಸ್ಸಿ. ಅಂಕಪಟ್ಟಿ ಗಟ್ಟಿಯಾಗಿದ್ದರೆ ಸೀಟು ಸಿಗುತ್ತಿತ್ತು, ನನಗೂ ಸಿಕ್ಕಿತು. ನನ್ನ ಓದಿಗೆ ನಿಜವಾದ ತಡೆ ಎದುರಾದದ್ದು ಒಳಗೆ ಹೋದ ಮೇಲೆ, ಅದೂ ದಿನದ ಒಂದು ಗೊತ್ತಾದ ಹೊತ್ತಿನಲ್ಲಿ, ಸಂಜೆ ಆರು ಗಂಟೆಗೆ. ಆ ಆರು ಗಂಟೆಯನ್ನು ದಾಟಿ ಪ್ರಯೋಗಾಲಯದಲ್ಲಿ ಉಳಿಯುವ ಹಕ್ಕಿಗಾಗಿ ನಾನು ಬರೆದ ಅರ್ಜಿಗಳು, ಅಲೆದ ಕಚೇರಿಗಳು, ಅದರ ನಡುವೆಯೇ ಮಾಡಿ ಮುಗಿಸಿದ ಕೆಲಸ ಇವೆಲ್ಲವನ್ನೂ ಬರೆದಿಡಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ. ಪ್ರವೇಶ ಪಡೆದ ಹೆಣ್ಣುಮಕ್ಕಳ ಕಥೆಗಳನ್ನು ನಾವು ಸಾಕಷ್ಟು ಕೇಳಿದ್ದೇವೆ. ಪ್ರವೇಶವಾದ ಮೇಲೆ ದಿನನಿತ್ಯ ಏನಾಗುತ್ತಿತ್ತು ಎಂಬುದನ್ನು ಹೇಳಿದವರು ಕಡಿಮೆ.

ನಮ್ಮ ತಂದೆ ಹಾಸನ ಜಿಲ್ಲೆಯ ಒಂದು ಊರಿನಲ್ಲಿ ಮಾಧ್ಯಮಿಕ ಶಾಲೆಯ ಹೆಡ್‌ಮಾಸ್ಟರಾಗಿದ್ದರು. ನಾನು ಬಿ.ಎಸ್ಸಿ.ಯಲ್ಲಿ ಮೊದಲ ದರ್ಜೆಯಲ್ಲಿ ತೇರ್ಗಡೆಯಾದಾಗ ಅವರಿಗೆ ಸಂತೋಷವಾದಷ್ಟೇ ಯೋಚನೆಯೂ ಆಯಿತು. ಸೋದರಮಾವ ಮನೆಗೆ ಬಂದು, "ಓದಿಸುವುದೇ ಆದರೆ ಬಾಟನಿ ಓದಿಸಿ ಭಾವ. ಎಲೆ, ಹೂವು ನೋಡಿಕೊಂಡು ಹೊತ್ತಿಗೆ ಸರಿಯಾಗಿ ಮನೆ ಸೇರುತ್ತಾಳೆ. ಕೆಮಿಸ್ಟ್ರಿ ಅಂದರೆ ಆಸಿಡ್ಡು, ಬೆಂಕಿ. ನಾಳೆ ಮುಖ ಮೂತಿ ಸುಟ್ಟುಕೊಂಡರೆ ಯಾರು ಹೊಣೆ?" ಎಂದು ಕೇಳಿದರು. ಅಮ್ಮ ಏನೂ ಮಾತಾಡಲಿಲ್ಲ. ಅಪ್ಪ ಮಾತ್ರ, "ಅವಳಿಗೆ ಒಲಿದಿರುವುದು ಕೆಮಿಸ್ಟ್ರಿ, ಅದನ್ನೇ ಓದಲಿ" ಎಂದು ಅರ್ಜಿಗೆ ಸಹಿ ಹಾಕಿದರು. ಸಂದರ್ಶನದಲ್ಲಿ ಸಮಿತಿಯ ಹಿರಿಯರೊಬ್ಬರು ನನ್ನ ಅಂಕಪಟ್ಟಿಯನ್ನು ಎರಡು ಸಲ ತಿರುವಿ ನೋಡಿ, "ನಾಳೆ ಮದುವೆಯಾಗಿ ಹೋಗಿಬಿಡುತ್ತೀಯಲ್ಲಮ್ಮ, ಒಬ್ಬ ಹುಡುಗನ ಸೀಟು ದಂಡವಾಗುವುದಿಲ್ಲವೇ?" ಎಂದರು. ವಿಷಯದ ಬಗ್ಗೆ ಒಂದೇ ಒಂದು ಪ್ರಶ್ನೆಯನ್ನೂ ಕೇಳದೆ ಸೀಟು ಕೊಟ್ಟರು. ನನ್ನ ಜೊತೆಗಿದ್ದ ಹುಡುಗರಿಗೆ ಬಂಧಕ ಇಲೆಕ್ಟ್ರಾನುಗಳ ಬಗ್ಗೆ, ಬೆಂಜೀನಿನ ರಚನೆಯ ಬಗ್ಗೆ ಪ್ರಶ್ನೆಗಳನ್ನು ಹಾಕಿದ್ದರಂತೆ. ನನ್ನನ್ನೂ ಅದನ್ನೇ ಕೇಳಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಆಗ ಅನ್ನಿಸಿತು, ಈಗಲೂ ಅನ್ನಿಸುತ್ತದೆ.

ಎಂ.ಎಸ್ಸಿ.ಯ ಎರಡು ವರ್ಷಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ತರಗತಿಯಲ್ಲಿ ಹೆಣ್ಣು ನಾನೊಬ್ಬಳೇ. ಮುಂದಿನ ಸಾಲಿನ ಒಂದು ತುದಿಯ ಕುರ್ಚಿ ನನ್ನದು. ಪಕ್ಕದ ಕುರ್ಚಿ ಸದಾ ಖಾಲಿ. ಹೆಂಗಸರ ಕೊಠಡಿ ಇದ್ದದ್ದು ಮೈದಾನದ ಆಚೆಗಿನ ಬೇರೆ ಕಟ್ಟಡದಲ್ಲಿ. ಪ್ರಾಕ್ಟಿಕಲ್ಸ್ ತರಗತಿಯಲ್ಲಿ ಕಿಪ್ ಉಪಕರಣದಿಂದ ಹೈಡ್ರೋಜನ್ ಸಲ್ಫೈಡ್ ಹಾಯಿಸುವ ಸರದಿ ಬಂದಾಗ, "ಈ ವಾಸನೆ ನಿಮಗೆ ಆಗುವುದಿಲ್ಲ, ನಾವು ಮಾಡಿಕೊಡುತ್ತೇವೆ" ಎಂದು ಸಹಪಾಠಿಗಳು ಮುಂದೆ ಬರುತ್ತಿದ್ದರು. ಅವರ ಮನಸ್ಸು ಒಳ್ಳೆಯದೇ. ಆದರೆ ಪರೀಕ್ಷೆಯ ದಿನ ಅವರು ಬಂದು ಮಾಡಿಕೊಡುವಂತಿರಲಿಲ್ಲವಾದ್ದರಿಂದ ನಾನೇ ಮಾಡುತ್ತೇನೆಂದು ಪ್ರತಿ ಸಲವೂ ಹೇಳಬೇಕಾಗುತ್ತಿತ್ತು. ಸೀರೆ ಉಟ್ಟುಕೊಂಡು ಪ್ರಯೋಗ ಮಾಡುವುದನ್ನು ನನಗೆ ಕಲಿಸಿದವರು ಯಾರೂ ಇರಲಿಲ್ಲ. ಸೆರಗನ್ನು ಸೊಂಟದ ಸುತ್ತ ಬಿಗಿಯಾಗಿ ಸಿಕ್ಕಿಸಿ, ಜಡೆಯನ್ನು ತುರುಬು ಕಟ್ಟಿ, ಅದರ ಮೇಲೆ ಗಂಡಸರ ಅಳತೆಗೆ ಹೊಲಿದ ಏಪ್ರನ್ ಹಾಕಿಕೊಳ್ಳುತ್ತಿದ್ದೆ. ಆಗ ಎಲ್ಲೆಲ್ಲೂ ನೈಲಾನ್ ಸೀರೆಯ ಕಾಲ. ಬೇಗ ಹೊತ್ತಿಕೊಳ್ಳುವ ಈಥರ್ ಇರುವ ಕಡೆ ನೈಲಾನ್ ತರವಲ್ಲವೆಂದು ನಾನು ಹತ್ತಿಯ ಸೀರೆಗಳನ್ನೇ ಉಡುತ್ತಿದ್ದೆ. ಸಲ್ಫ್ಯೂರಿಕ್ ಆಮ್ಲದ ಸಣ್ಣ ಹನಿ ಹತ್ತಿಯ ಬಟ್ಟೆಗೆ ತಾಗಿದರೆ ಆ ಕ್ಷಣಕ್ಕೆ ಏನೂ ಕಾಣುವುದಿಲ್ಲ. ಒಗೆದು ಹಿಂಡಿದಾಗ ಅಲ್ಲಿ ತೂತು ಬಿದ್ದಿರುತ್ತದೆ. ರಜೆಗೆ ಊರಿಗೆ ಹೋದಾಗಲೆಲ್ಲ ಅಮ್ಮ ನನ್ನ ಸೀರೆಗಳ ನೆರಿಗೆಯ ಭಾಗವನ್ನು ಬೆಳಕಿಗೆ ಹಿಡಿದು ನೋಡಿ, ಸದ್ದಿಲ್ಲದೆ ರಫೂ ಮಾಡಿಡುತ್ತಿದ್ದರು.

ಕಷ್ಟ ಶುರುವಾದದ್ದು 1965ರಲ್ಲಿ, ಪಿಎಚ್.ಡಿ.ಗೆ ಸೇರಲು ಹೊರಟಾಗ. ಎಂ.ಎಸ್ಸಿ.ಯ ಪ್ರವೇಶವನ್ನು ಸಮಿತಿ ನಿರ್ಧರಿಸುತ್ತಿತ್ತು, ಪಿಎಚ್.ಡಿ.ಗೆ ಗೈಡ್ ಒಬ್ಬರೇ ಒಪ್ಪಬೇಕು, ಅವರು ಒಪ್ಪದಿದ್ದರೆ ಅದನ್ನು ಪ್ರಶ್ನಿಸುವ ದಾರಿಯೇ ಇಲ್ಲ. ನಾನು ಮೊದಲು ಕೇಳಿಕೊಂಡ ಪ್ರಾಧ್ಯಾಪಕರು ತಮ್ಮಲ್ಲಿ ಜಾಗವಿಲ್ಲವೆಂದರು. ಅದಾದ ಸ್ವಲ್ಪ ದಿನಕ್ಕೇ ನನಗಿಂತ ಕಡಿಮೆ ಅಂಕ ಪಡೆದ ಸಹಪಾಠಿಯೊಬ್ಬನಿಗೆ ಅಲ್ಲಿ ಜಾಗ ಸಿಕ್ಕಿತು. ಇನ್ನೊಬ್ಬರು ಮುಚ್ಚುಮರೆ ಮಾಡಲಿಲ್ಲ. "ನನ್ನ ಲ್ಯಾಬಿನ ಹುಡುಗರು ರಾತ್ರಿ ಹನ್ನೊಂದರವರೆಗೂ ಇರುತ್ತಾರಮ್ಮ. ನೀನು ಇರುವ ಹಾಗಿಲ್ಲ. ಇರದಿದ್ದರೆ ಕೆಲಸ ಆಗುವುದಿಲ್ಲ. ಇದ್ದರೆ ಜನ ಆಡಿಕೊಳ್ಳುತ್ತಾರೆ" ಎಂದರು. ಅವರ ಮಾತು ನನಗೆ ನೋವು ಮಾಡಿತಾದರೂ ವಿಷಯವನ್ನು ಸರಿಯಾಗಿ ಗುರುತಿಸಿದ್ದವರು ಅವರೊಬ್ಬರೇ. ಕೊನೆಗೆ ನನ್ನನ್ನು ತೆಗೆದುಕೊಂಡ ಮೇಷ್ಟ್ರು ನೈಸರ್ಗಿಕ ಸಂಯುಕ್ತಗಳ ಮೇಲೆ ಕೆಲಸ ಮಾಡುತ್ತಿದ್ದರು. ಗಿಡಮರಗಳ ಬೇರು, ತೊಗಟೆ, ಬೀಜಗಳಿಂದ ರಾಸಾಯನಿಕಗಳನ್ನು ಬೇರ್ಪಡಿಸಿ ಅವುಗಳ ರಚನೆ ಕಂಡುಹಿಡಿಯುವ ಶಾಖೆ ಅದು. ಅವರು ಹಾಕಿದ ಷರತ್ತು ಒಂದೇ: ಸಂಜೆ ಆರಕ್ಕೆ ನಾನು ಕಟ್ಟಡದಿಂದ ಹೊರಗಿರಬೇಕು. ಷರತ್ತು ಅವರದಲ್ಲ, ಆಡಳಿತದ್ದು ಎಂದೂ ಹೇಳಿದರು. ಹೆಣ್ಣುಮಕ್ಕಳ ಹಾಸ್ಟೆಲ್ ಗೇಟು ಏಳಕ್ಕೆ ಮುಚ್ಚುತ್ತಿದ್ದುದರಿಂದ ಒಪ್ಪಿಕೊಳ್ಳದೆ ನನಗೆ ಬೇರೆ ದಾರಿಯೂ ಇರಲಿಲ್ಲ.

ನನಗೆ ಕೊಟ್ಟ ಗಿಡ ಹೊಂಗೆ. ನಮ್ಮ ಸೀಮೆಯಲ್ಲಿ ಹೊಂಗೆ ಕಾಣದ ಊರಿಲ್ಲ. ದೀಪಕ್ಕೆ ಅದರ ಎಣ್ಣೆ, ಗದ್ದೆಗೆ ಅದರ ಹಿಂಡಿ ಮತ್ತು ಸೊಪ್ಪು, ಕಜ್ಜಿ ತುರಿಕೆಗೂ ಅದರ ಎಣ್ಣೆಯೇ. ಹೊಂಗೆ ಬೀಜದ ಎಣ್ಣೆಯಲ್ಲಿರುವ ಕರಂಜಿನ್ ಎಂಬ ಸ್ಫಟಿಕ ರೂಪದ ವಸ್ತುವಿನ ಮೇಲೆ ಪುಣೆಯ ರಸಾಯನಶಾಸ್ತ್ರಜ್ಞ ಡಿ.ಬಿ. ಲಿಮಯೆ ಅವರು ದಶಕಗಳ ಹಿಂದೆಯೇ ಕೆಲಸ ಮಾಡಿದ್ದರು, ಟಿ.ಆರ್. ಶೇಷಾದ್ರಿಯವರ ಬಳಗವೂ ಈ ಗಿಡದ ಫ್ಲೇವನಾಯ್ಡುಗಳೆಂಬ ಸಸ್ಯಸಂಯುಕ್ತಗಳನ್ನು ವಿಸ್ತಾರವಾಗಿ ಅಭ್ಯಾಸ ಮಾಡಿತ್ತು. ನಾನು ಮಾಡಬೇಕಾಗಿದ್ದದ್ದು ಬೇರಿನ ತೊಗಟೆಯಲ್ಲಿ ಇನ್ನೇನಿದೆ ಎಂದು ನೋಡುವುದು.

ಈ ಕೆಲಸ ಹೇಗೆ ನಡೆಯುತ್ತದೆ ಎಂಬುದನ್ನು ವಿವರವಾಗಿ ಹೇಳದೆ ಸಂಜೆ ಆರರ ನಿಯಮದ ಭಾರ ಓದುಗರಿಗೆ ತಿಳಿಯುವುದಿಲ್ಲ. ತೊಗಟೆಯನ್ನು ನೆರಳಿನಲ್ಲಿ ಒಣಗಿಸಿ, ಕುಟ್ಟಿ ತರಿತರಿಯಾದ ಪುಡಿ ಮಾಡಿ, ಸಾಕ್ಸ್‌ಲೆಟ್ ಉಪಕರಣದಲ್ಲಿ ತುಂಬಿ, ಕೆಳಗಿನ ಫ್ಲಾಸ್ಕಿನಲ್ಲಿ ಪೆಟ್ರೋಲಿಯಂ ಈಥರ್ ಕುದಿಸಬೇಕು. ಆವಿ ಮೇಲೇರಿ, ಕಂಡೆನ್ಸರಿನಲ್ಲಿ ತಣಿದು, ಪುಡಿಯ ಮೇಲೆ ತೊಟ್ಟಿಕ್ಕಿ, ಅದರಲ್ಲಿ ಕರಗುವುದನ್ನೆಲ್ಲ ಕರಗಿಸಿಕೊಂಡು, ಗಾಜಿನ ಕೊಳವೆಯ ಬಾಗಿನವರೆಗೆ ತುಂಬಿದೊಡನೆ ಸರಕ್ಕನೆ ಫ್ಲಾಸ್ಕಿಗೆ ಇಳಿಯುತ್ತದೆ. ಮತ್ತೆ ಕುದಿದು ಮತ್ತೆ ಏರುತ್ತದೆ. ಇಳಿಯುವ ದ್ರಾವಣ ಬಣ್ಣ ಕಳೆದುಕೊಳ್ಳುವವರೆಗೂ ಇದು ನಡೆಯಬೇಕು. ಹನ್ನೆರಡು ಗಂಟೆ, ಕೆಲವೊಮ್ಮೆ ಇಪ್ಪತ್ತನಾಲ್ಕು ಗಂಟೆ. ಅಷ್ಟು ಹೊತ್ತೂ ಕಂಡೆನ್ಸರಿನಲ್ಲಿ ನೀರು ಹರಿಯುತ್ತಿರಬೇಕು. ನೀರು ನಿಂತರೆ ಈಥರ್ ಆವಿ ಕೋಣೆಗೆ ಹರಡುತ್ತದೆ, ಎಲ್ಲೋ ಒಂದು ಕಿಡಿ ಸಾಕು.

ಅದಾದ ಮೇಲೆ ಕಾಲಮ್. ಎತ್ತರದ ಗಾಜಿನ ಕೊಳವೆಯಲ್ಲಿ ಸಿಲಿಕಾ ಜೆಲ್ ಎಂಬ ಬಿಳಿಯ ಪುಡಿ ತುಂಬಿ, ಮೇಲ್ಭಾಗದಲ್ಲಿ ನಮ್ಮ ಸಾರವನ್ನು ಹಾಕಿ, ಮೊದಲು ಬರಿಯ ಪೆಟ್ರೋಲಿಯಂ ಈಥರ್, ನಂತರ ಅದಕ್ಕೆ ಸ್ವಲ್ಪಸ್ವಲ್ಪವಾಗಿ ಬೆಂಜೀನ್ ಬೆರೆಸುತ್ತಾ, ಕೊನೆಗೆ ಈಥೈಲ್ ಅಸಿಟೇಟ್ ಬೆರೆಸುತ್ತಾ ಹನಿಹನಿಯಾಗಿ ಇಳಿಸಬೇಕು. ಒಂದೊಂದು ಸಂಯುಕ್ತವೂ ತನ್ನದೇ ವೇಗದಲ್ಲಿ ಇಳಿಯುವುದರಿಂದ ಕೊಳವೆಯಲ್ಲಿ ಹಳದಿ, ಕಿತ್ತಳೆ ಬಣ್ಣದ ಪಟ್ಟೆಗಳು ಒಂದರಿಂದೊಂದು ದೂರವಾಗುತ್ತಾ ಹೋಗುತ್ತವೆ. ನಡುವೆ ನಿಲ್ಲಿಸಿ ಬೆಳಿಗ್ಗೆ ಮುಂದುವರಿಸುತ್ತೇನೆಂದರೆ ಬೇರೆಯಾಗಿದ್ದ ಪಟ್ಟೆಗಳು ರಾತ್ರಿಯಿಡೀ ನಿಂತಲ್ಲೇ ಹರಡಿಕೊಂಡು ಒಂದರೊಳಗೊಂದು ಸೇರಿಕೊಳ್ಳುತ್ತವೆ. ಮೇಲಿನ ದ್ರಾವಕ ಆರಿಹೋದರಂತೂ ಸಿಲಿಕಾ, ಬೇಸಿಗೆಯ ಕೆರೆಯಂಗಳದಂತೆ ಬಿರುಕು ಬಿಟ್ಟು ಕಾಲಮ್ಮೇ ಹಾಳಾಗುತ್ತದೆ. ಇಂಥ ಕೆಲಸಕ್ಕೆ ಸಂಜೆ ಆರು ಗಂಟೆ ಎಂಬ ಗಡುವು ಹೊಂದುವುದಿಲ್ಲ. ಹುಡುಗರಿಗೆ ಯಾರೂ ಇಂಥ ಗಡುವು ಹಾಕಿರಲಿಲ್ಲ. ಅವರು ಮೂರು ದಿನದಲ್ಲಿ ಇಳಿಸುವ ಕಾಲಮ್ಮನ್ನು ನಾನು ಸಣ್ಣಸಣ್ಣ ಕಾಲಮ್ಮುಗಳಾಗಿ ಒಡೆದು, ಒಂದೊಂದನ್ನೂ ಒಂದೇ ಹಗಲಿನಲ್ಲಿ ಮುಗಿಸುವಂತೆ ಹೊಂದಿಸಿಕೊಳ್ಳಬೇಕಾಗಿತ್ತು. ಇದರಿಂದ ವಸ್ತು ನಷ್ಟ, ದ್ರಾವಕ ನಷ್ಟ, ಎಲ್ಲಕ್ಕಿಂತ ಹೆಚ್ಚಾಗಿ ಕಾಲ ನಷ್ಟ. ನನ್ನ ಜೊತೆ ಸೇರಿದವರು ಎರಡನೆಯ ಪ್ರಬಂಧ ಬರೆಯುತ್ತಿದ್ದಾಗ ನಾನಿನ್ನೂ ಮೊದಲ ಸಂಯುಕ್ತವನ್ನೇ ಶುದ್ಧ ಮಾಡುತ್ತಿದ್ದೆ. ವಿಭಾಗದ ಸಭೆಯೊಂದರಲ್ಲಿ "ಹೆಣ್ಣುಮಕ್ಕಳ ಕೆಲಸ ಸ್ವಲ್ಪ ನಿಧಾನ" ಎಂಬ ಮಾತು ಬಂತು. ನಿಧಾನಕ್ಕೆ ಕಾರಣ ಆ ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ನಾನು ಬೆಳಗಿನ ಹೊತ್ತನ್ನು ಹಿಡಿದುಕೊಂಡೆ. ಸಂಜೆಗೆ ನಿಯಮವಿತ್ತು, ಮುಂಜಾವಿಗೆ ಇರಲಿಲ್ಲ. ಹಾಸ್ಟೆಲ್ ಗೇಟು ಐದೂವರೆಗೆ ತೆರೆಯುತ್ತಿದ್ದಂತೆ ಹೊರಟು, ಆರಕ್ಕೆಲ್ಲ ವಿಭಾಗದ ಮೆಟ್ಟಿಲ ಮೇಲೆ ಕೂತಿರುತ್ತಿದ್ದೆ. ಬೀಗದ ಕೈ ಇದ್ದದ್ದು ಅಟೆಂಡರ್ ಬಳಿ. ಅವರು ಎಂಟಕ್ಕೆ ಬರಬೇಕಾದವರು; ನನ್ನನ್ನು ನೋಡಿದ ಮೇಲೆ, "ನೀವು ಹಿಂಗೆ ಮೆಟ್ಟಿಲ ಮ್ಯಾಲೆ ಕುಂತಿರೋದು ಚಂದಾಗಿಲ್ಲ ಕಣಮ್ಮ" ಎಂದು ತಾವಾಗಿಯೇ ಆರೂಕಾಲಿಗೆ ಬಂದು ಬಾಗಿಲು ತೆರೆಯತೊಡಗಿದರು. ಅದಕ್ಕೆ ಅವರಿಗೆ ಒಂದು ಪೈಸೆ ಹೆಚ್ಚು ಸಿಗುತ್ತಿರಲಿಲ್ಲ. ನನ್ನ ಪದವಿಯಲ್ಲಿ ಅವರ ಪಾಲು ದೊಡ್ಡದೆಂದು ನಾನು ಮಹಾಪ್ರಬಂಧದ ಕೃತಜ್ಞತೆಯ ಪುಟದಲ್ಲೂ ಬರೆದಿದ್ದೇನೆ.

ಆದರೂ ರಾತ್ರಿಯ ಸಾಕ್ಸ್‌ಲೆಟ್ಟಿಗೆ ಪರಿಹಾರವಿರಲಿಲ್ಲ. ನಾನು ಹೊರಡುವಾಗ ರಾತ್ರಿ ಉಳಿಯುವ ಯಾರಿಗಾದರೂ ನೋಡಿಕೊಳ್ಳಲು ಹೇಳಿ ಹೋಗಬೇಕಾಗಿತ್ತು. ಒಂದು ರಾತ್ರಿ ನಲ್ಲಿಯ ನೀರು ನಿಂತುಹೋಯಿತು. ನೋಡಿಕೊಳ್ಳುತ್ತೇನೆಂದಿದ್ದ ಸಂಶೋಧಕರು ಊಟಕ್ಕೆ ಹೋದವರು ತಡವಾಗಿ ಬಂದರು. ನಾನು ಬೆಳಿಗ್ಗೆ ಹೋಗಿ ನೋಡಿದರೆ ಫ್ಲಾಸ್ಕಿನ ತಳದಲ್ಲಿ ಕರಿಹಿಡಿದ ಗೋಂದಿನಂಥದ್ದು ಅಂಟಿತ್ತು. ಕೆಲವು ತಿಂಗಳು ಕೂಡಿಟ್ಟ ತೊಗಟೆಯ ಸಾರ ಅದು. ಬೆಂಕಿ ಹತ್ತದೆ ಹೋದದ್ದು ಆ ಕಟ್ಟಡದ ಪುಣ್ಯ. ಹೆಣ್ಣುಮಕ್ಕಳ ಕ್ಷೇಮಕ್ಕಾಗಿ ಎಂದು ಮಾಡಿದ್ದ ನಿಯಮ ಇಡೀ ಕಟ್ಟಡವನ್ನೇ ಅಪಾಯಕ್ಕೆ ಒಡ್ಡಿದ್ದನ್ನು ನಾನು ಆವತ್ತೇ ಲಿಖಿತವಾಗಿ ಕೊಟ್ಟೆ. ನನ್ನ ಅರ್ಜಿಯಲ್ಲಿ ಅಳಲು ತೋಡಿಕೊಂಡ ಸಾಲು ಒಂದೂ ಇರಲಿಲ್ಲ. ದ್ರಾವಕದ ಕುದಿಯುವ ಉಷ್ಣತೆ, ಹೊತ್ತಿಕೊಳ್ಳುವ ಗುಣ, ಪ್ರಯೋಗಕ್ಕೆ ಬೇಕಾಗುವ ಗಂಟೆಗಳು, ಅದನ್ನು ಹೂಡಿದವರೇ ಕಾಯಬೇಕಾದ ಅಗತ್ಯ ಇಷ್ಟನ್ನೇ ಬರೆದಿದ್ದೆ. ಕಡತ ವಿಭಾಗದಿಂದ ಕಚೇರಿಗೆ, ಅಲ್ಲಿಂದ ಹಾಸ್ಟೆಲ್ ವಾರ್ಡನ್‌ಗೆ, ಮತ್ತೆ ಕಚೇರಿಗೆ ಓಡಾಡಿತು. "ಪೋಷಕರ ಒಪ್ಪಿಗೆ ಪತ್ರ ಲಗತ್ತಿಸಿಲ್ಲ" ಎಂಬ ಷರಾ ಬರೆದು ಒಮ್ಮೆ ಹಿಂದಿರುಗಿಸಿದರು. ಎಂ.ಎಸ್ಸಿ. ಮುಗಿಸಿ, ಫೆಲೋಶಿಪ್ ಪಡೆಯುತ್ತಾ, ಕೆಳಗಿನ ತರಗತಿಯ ಹುಡುಗರಿಗೆ ಪ್ರಾಕ್ಟಿಕಲ್ಸ್ ಕಲಿಸುತ್ತಿದ್ದ ನನಗೆ ಅಪ್ಪನ ಸಹಿ ಬೇಕಾಗಿತ್ತು. ಅಪ್ಪ ಸಹಿ ಹಾಕಿ ಕಳಿಸಿದರು, ಜೊತೆಗೆ ಕೇಳದಿದ್ದ ಒಂದು ಸಾಲನ್ನೂ ಬರೆದಿದ್ದರು: "ನನ್ನ ಮಗಳು ಪ್ರಯೋಗಾಲಯದಲ್ಲಿ ಎಷ್ಟು ಹೊತ್ತು ಇರಬೇಕೆಂಬುದನ್ನು ನಿರ್ಧರಿಸಲು ನನಗಿಂತ ಅವಳೇ ಹೆಚ್ಚು ಅರ್ಹಳು."

ಕೊನೆಗೆ ಅನುಮತಿ ಬಂದದ್ದು ಇನ್ನೊಂದು ಷರತ್ತಿನ ಮೇಲೆ. ರಾತ್ರಿ ಒಂಬತ್ತರವರೆಗೆ ಇರಬಹುದು, ಆದರೆ ಜೊತೆಯಲ್ಲಿ ಇನ್ನೊಬ್ಬ ಹೆಣ್ಣುಮಗಳು ಇರಬೇಕು. ನಮ್ಮ ವಿಭಾಗದಲ್ಲಿ ಇನ್ನೊಬ್ಬ ಹೆಣ್ಣುಮಗಳೇ ಇಲ್ಲ! ಆಗ ಕೈಹಿಡಿದವಳು ಸಸ್ಯಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಿದ್ದ ಹಾಸ್ಟೆಲ್ ಗೆಳತಿ. ಅವಳು ತನ್ನ ಸೂಕ್ಷ್ಮದರ್ಶಕವನ್ನೂ ಅದರಲ್ಲಿ ಕಂಡದ್ದನ್ನು ಕಾಗದದ ಮೇಲೆ ಬರೆದುಕೊಳ್ಳಲು ನೆರವಾಗುವ ಕ್ಯಾಮೆರಾ ಲ್ಯುಸಿಡಾವನ್ನೂ ಹೊತ್ತು ತಂದು ನನ್ನ ಬೆಂಚಿನ ಪಕ್ಕದಲ್ಲಿ ಕೂತು ಕಾಂಡದ ಛೇದಗಳ ಚಿತ್ರ ಬರೆಯುತ್ತಿದ್ದಳು. ನಾನು ಪ್ರತಿ ಐವತ್ತು ಮಿಲಿಲೀಟರಿಗೊಮ್ಮೆ ಫ್ಲಾಸ್ಕ್ ಬದಲಿಸುತ್ತಿದ್ದೆ. ಬೇಸಿಗೆಯಲ್ಲಿ ಫ್ಯಾನ್ ಹಾಕಿದರೆ ಅವಳ ಕಾಗದ ಹಾರುತ್ತಿತ್ತು, ಹಾಕದಿದ್ದರೆ ಇಬ್ಬರಿಗೂ ಬೆಂಜೀನ್ ವಾಸನೆಗೆ ತಲೆನೋವು ಬರುತ್ತಿತ್ತು. ಬೆಂಜೀನ್ ರಕ್ತದ ಕ್ಯಾನ್ಸರಿಗೆ ಕಾರಣವಾಗಬಲ್ಲದೆಂಬುದನ್ನು ಯಾರೂ ನಮಗೆ ಹೇಳಿರಲಿಲ್ಲ. ಗಂಡು ಹೆಣ್ಣೆನ್ನದೆ ಎಲ್ಲರೂ ಬರಿಗೈಯಲ್ಲಿ ಅದನ್ನು ಬಳಸಿದೆವು. ಕ್ಷೇಮದ ಹೆಸರಿನಲ್ಲಿ ಅಷ್ಟೊಂದು ಕಾಗದ ಓಡಾಡಿತಲ್ಲ, ಅದರಲ್ಲಿ ಒಂದಾದರೂ ಆವಿಯನ್ನು ಹೊರಗೆ ಎಳೆದುಹಾಕುವ ಒಳ್ಳೆಯ ಫ್ಯೂಮ್ ಹುಡ್ ಹಾಕಿಸುವ ಬಗ್ಗೆ ಇದ್ದಿದ್ದರೆ ಎಷ್ಟೋ ಉಪಕಾರವಾಗುತ್ತಿತ್ತು.

ಇಲ್ಲಿ ಕಮಲಾ ಭಾಗವತ್ ಅವರ ವಿಷಯ ಹೇಳಲೇಬೇಕು. ಮದುವೆಯ ನಂತರ ಕಮಲಾ ಸೊಹೊನಿ ಎಂದು ಹೆಸರಾದ ಅವರ ಕಥೆ ನನ್ನ ಕಿವಿಗೆ ಬಿದ್ದದ್ದು ನಾನು ಕೆಲಸಕ್ಕೆ ಸೇರಿ ಬಹಳ ವರ್ಷಗಳಾದ ಮೇಲೆ. ಮೊದಲೇ ಗೊತ್ತಿದ್ದರೆ ನನ್ನ ಅರ್ಜಿಯ ಜೊತೆ ಅದನ್ನೂ ಲಗತ್ತಿಸುತ್ತಿದ್ದೆ. ಬೊಂಬಾಯಿಯಲ್ಲಿ ರಸಾಯನಶಾಸ್ತ್ರ ಮುಖ್ಯ ವಿಷಯವಾಗಿ ಬಿ.ಎಸ್ಸಿ. ಮುಗಿಸಿದ ಅವರು 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ, ನಮ್ಮ ಜನ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಆ ಸಂಸ್ಥೆಗೆ, ಅರ್ಜಿ ಹಾಕಿದರು. ಅವರ ತಂದೆಯೂ ಚಿಕ್ಕಪ್ಪನೂ ಅಲ್ಲಿಯೇ ಓದಿದ ರಸಾಯನಶಾಸ್ತ್ರಜ್ಞರು. ಆಗ ಸಂಸ್ಥೆಯ ನಿರ್ದೇಶಕರಾಗಿದ್ದವರು ಸರ್ ಸಿ.ವಿ. ರಾಮನ್. ಹೆಣ್ಣೆಂಬ ಕಾರಣಕ್ಕೆ ಅರ್ಜಿ ತಿರಸ್ಕೃತವಾಯಿತು. ಕಮಲಾ ಸುಮ್ಮನೆ ಹಿಂದಿರುಗಲಿಲ್ಲ. ರಾಮನ್ ಅವರ ಕಚೇರಿಯ ಮುಂದೆ ಸತ್ಯಾಗ್ರಹಕ್ಕೆ ಕುಳಿತರು. ಕೊನೆಗೆ ಪ್ರವೇಶ ಸಿಕ್ಕಿತಾದರೂ ಷರತ್ತುಗಳಿದ್ದವು: ಮೊದಲ ವರ್ಷ ಅವರನ್ನು ರೆಗ್ಯುಲರ್ ವಿದ್ಯಾರ್ಥಿನಿಯೆಂದು ಪರಿಗಣಿಸುವುದಿಲ್ಲ, ಗೈಡ್ ಹೇಳಿದರೆ ರಾತ್ರಿ ತಡವಾಗಿಯಾದರೂ ಕೆಲಸ ಮಾಡಬೇಕು, ಪ್ರಯೋಗಾಲಯದ ವಾತಾವರಣವನ್ನು ಕೆಡಿಸಬಾರದು.

ಅವರಿಗೆ ಹಾಕಿದ ಷರತ್ತು ಬೇಕಾದರೆ ರಾತ್ರಿ ಇರಲೇಬೇಕೆಂಬುದು. ಮೂರು ದಶಕಗಳ ನಂತರ ನನಗೆ ಹಾಕಿದ್ದು ರಾತ್ರಿ ಇರಲೇಬಾರದೆಂಬುದು. ಮೊದಲ ಸಲ ಇದನ್ನು ಓದಿದಾಗ ನಾನು ಪುಟ ಮಡಿಸಿಟ್ಟು ಬಹಳ ಹೊತ್ತು ಯೋಚಿಸಿದೆ. ಎರಡೂ ಷರತ್ತುಗಳು ಒಂದಕ್ಕೊಂದು ತದ್ವಿರುದ್ಧವಾಗಿದ್ದರೂ ಹುಟ್ಟಿದ್ದು ಒಂದೇ ಕಡೆಯಿಂದ. ಕೆಲಸ ಎಷ್ಟು ಹೊತ್ತು ಬೇಡುತ್ತದೆ ಎಂಬುದನ್ನು ಅಳೆದು ಮಾಡುವವನೇ ನಿರ್ಧರಿಸುವ ಸ್ವಾತಂತ್ರ್ಯ ಗಂಡುಮಗನಿಗೆ ಕೇಳದೆಯೇ ಬಂದಿತ್ತು. ಹೆಣ್ಣುಮಗಳ ಹೊತ್ತನ್ನು ಬೇರೆಯವರು ನಿಗದಿ ಮಾಡುತ್ತಿದ್ದರು. "ವಾತಾವರಣ ಕೆಡಿಸಬಾರದು" ಎಂಬ ಮಾತಿನ ಇನ್ನೊಂದು ರೂಪವೇ "ಜನ ಆಡಿಕೊಳ್ಳುತ್ತಾರೆ" ಎಂಬುದು. ರಾಮನ್ ಅವರ ವಿಜ್ಞಾನದ ಮೇಲಿನ ನನ್ನ ಗೌರವ ಇದರಿಂದ ಕಡಿಮೆಯಾಗಿಲ್ಲ. ಆದರೆ ಅಷ್ಟು ದೊಡ್ಡವರು ಮಾಡಿದ್ದು ಎಂಬ ಕಾರಣಕ್ಕೆ ಅದನ್ನು ಮೆಲ್ಲಗೆ ಮರೆತುಬಿಡುವುದನ್ನೂ ನಾನು ಒಪ್ಪುವುದಿಲ್ಲ. ಕಮಲಾ ಅವರೇ ಅದನ್ನು ಮರೆತಿರಲಿಲ್ಲ. ಇಳಿವಯಸ್ಸಿನಲ್ಲೂ ಆ ಅವಮಾನದ ಬಗ್ಗೆ ಬಹಿರಂಗವಾಗಿ ಮಾತಾಡಿದರು.

ಅವರಿಗೆ ದೊರೆತ ಗೈಡ್ ಎಂ. ಶ್ರೀನಿವಾಸಯ್ಯನವರು ಶಿಸ್ತಿನವರು, ಆದರೆ ಕಲಿಸುವುದರಲ್ಲಿ ಧಾರಾಳಿ. ಹಾಲು ಮತ್ತು ಬೇಳೆಕಾಳುಗಳ ಪ್ರೋಟೀನುಗಳ ಮೇಲೆ ಕಮಲಾ ಮಾಡಿದ ಕೆಲಸ ರಾಮನ್ ಅವರಿಗೂ ಮೆಚ್ಚಿಗೆಯಾಗಿ, ವರ್ಷದ ನಂತರ ಅವರನ್ನು ರೆಗ್ಯುಲರ್ ವಿದ್ಯಾರ್ಥಿನಿಯಾಗಿ ಒಪ್ಪಿಕೊಂಡರು. 1936ರಲ್ಲಿ ಎಂ.ಎಸ್ಸಿ. ಆಯಿತು. ಅಲ್ಲಿಂದ ಕೇಂಬ್ರಿಜ್‌ಗೆ ಹೋಗಿ, ಜೀವರಸಾಯನಶಾಸ್ತ್ರಜ್ಞ ಫ್ರೆಡರಿಕ್ ಗೌಲಂಡ್ ಹಾಪ್ಕಿನ್ಸ್ ಅವರ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಾ, ಆಲೂಗಡ್ಡೆಯ ಅಂಗಾಂಶದಿಂದ ಹೊರಟು, ಸಸ್ಯಗಳ ಜೀವಕೋಶಗಳಲ್ಲಿ ಉಸಿರಾಟದ ಕ್ರಿಯೆಗೆ ಬೇಕಾದ ಸೈಟೋಕ್ರೋಮ್ ಸಿ ಎಂಬ ಪ್ರೋಟೀನ್ ಇರುವುದನ್ನು ತೋರಿಸಿದರು. ಆ ಪಿಎಚ್.ಡಿ. ಪ್ರಬಂಧ ಸುಮಾರು ನಲವತ್ತೇ ಪುಟಗಳದ್ದು. 1939ರಲ್ಲಿ ಪದವಿ ಬಂತು. ನಮ್ಮಲ್ಲಿ ಮಹಾಪ್ರಬಂಧದ ತೂಕವನ್ನು ಪುಟಗಳಿಂದ ಅಳೆಯುವವರಿಗೆ ನಾನು ಈ ನಲವತ್ತು ಪುಟಗಳ ಮಾತನ್ನು ಆಗಾಗ ಹೇಳುತ್ತಿರುತ್ತೇನೆ.

ನನ್ನ ಬೆಂಚಿಗೆ ಬರುತ್ತೇನೆ. ರಾತ್ರಿಯ ಮೂರು ಗಂಟೆ ಹೆಚ್ಚಿಗೆ ಸಿಕ್ಕಿದ ಮೇಲೆ ಕೆಲಸ ಬೇರೆಯದೇ ಗತಿಗೆ ಬಂತು. ಕಾಲಮ್ಮಿನಿಂದ ಇಳಿದ ಒಂದೊಂದು ಭಾಗವನ್ನೂ ಟಿ.ಎಲ್.ಸಿ., ಅಂದರೆ ತೆಳುಪದರದ ಕ್ರೊಮಟಾಗ್ರಫಿ, ಮಾಡಿ ಅದರಲ್ಲಿ ಎಷ್ಟು ವಸ್ತುಗಳಿವೆಯೆಂದು ನೋಡಬೇಕು. ಇಂದಿನಂತೆ ಸಿದ್ಧವಾದ ಪ್ಲೇಟುಗಳು ನಮಗೆ ಸಿಗುತ್ತಿರಲಿಲ್ಲ. ಸಿಲಿಕಾ ಜೆಲ್ಲನ್ನು ನೀರಿನಲ್ಲಿ ದೋಸೆ ಹಿಟ್ಟಿನ ಹದಕ್ಕೆ ಕಲಸಿ, ತೊಳೆದ ಗಾಜಿನ ಮೇಲೆ ಒಂದೇ ಮಟ್ಟಕ್ಕೆ ಹರಡಿ, ಒಣಗಿಸಿ, ಓವನ್ನಿನಲ್ಲಿ ಕಾಯಿಸಿ ನಾವೇ ಮಾಡಿಕೊಳ್ಳುತ್ತಿದ್ದೆವು. ಸಣ್ಣ ಕ್ಯಾಪಿಲರಿಯಿಂದ ಚುಕ್ಕೆ ಇಟ್ಟು, ದ್ರಾವಕ ಮೇಲೇರಿದ ಮೇಲೆ ಅಯೋಡಿನ್ ಹರಳುಗಳಿರುವ ಮುಚ್ಚಿದ ಜಾಡಿಯಲ್ಲಿಟ್ಟರೆ, ಬಿಳಿಯ ಹಾಳೆಯಂಥ ಪ್ಲೇಟಿನ ಮೇಲೆ ಕಂದು ಚುಕ್ಕೆಗಳು ಒಂದೊಂದಾಗಿ ಮೂಡುತ್ತವೆ. ಒಂದೇ ಚುಕ್ಕೆ ಬಂದ ಭಾಗಗಳನ್ನು ಕೂಡಿಸಿ, ದ್ರಾವಕ ಬಟ್ಟಿ ಇಳಿಸಿ, ಉಳಿದದ್ದನ್ನು ಬಿಸಿ ಆಲ್ಕೊಹಾಲಿನಲ್ಲಿ ಕರಗಿಸಿ ಸುಮ್ಮನೆ ಬಿಡಬೇಕು. ಮೊದಲು ಬಂದದ್ದು ಬಣ್ಣವಿಲ್ಲದ ಸೂಜಿಗಳು. 158 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಕರಗಿದವು. ಮೇಷ್ಟ್ರ ಬಳಿಯಿದ್ದ ಶುದ್ಧ ಕರಂಜಿನ್ ಮಾದರಿಯ ಜೊತೆ ಬೆರೆಸಿ ಕಾಯಿಸಿದಾಗಲೂ ಕರಗುವ ಬಿಂದು ಕುಸಿಯಲಿಲ್ಲ; ಬೇರೆ ಬೇರೆ ವಸ್ತುಗಳಾಗಿದ್ದರೆ ಮಿಶ್ರಣ ಇನ್ನೂ ಕೆಳಗಿನ ಉಷ್ಣತೆಯಲ್ಲೇ ಕರಗಬೇಕಿತ್ತು. ಕರಂಜಿನ್ನಿನ C18H12O4 ಎಂಬ ಸೂತ್ರಕ್ಕೆ ಇಂಗಾಲ 73.97, ಹೈಡ್ರೋಜನ್ 4.14 ಶೇಕಡಾ ಬರಬೇಕು. ವಿಶ್ಲೇಷಣೆಗೆ ಹೊರಗೆ ಕಳಿಸಿದ್ದ ಮಾದರಿಯ ವರದಿ ಅಂಚೆಯಲ್ಲಿ ಬಂದಾಗ ಅಂಕಿಗಳು ಹತ್ತಿರ ಹತ್ತಿರ ಹೊಂದಿದವು. ಹಳೆಯ ಸಂಯುಕ್ತವೇ ಆದರೂ ನನ್ನ ಕೈಯಿಂದ ಅದು ಶುದ್ಧವಾಗಿ ಬಂದದ್ದಕ್ಕೆ ನನಗಾದ ಸಂತೋಷವನ್ನು ಈಗಲೂ ಬರೆದು ತಿಳಿಸಲಾರೆ. ಅದರ ನಂತರದ ಭಾಗಗಳಲ್ಲಿ, ಕರಂಜಿನ್‌ಗಿಂತ ಬಹಳ ಕಡಿಮೆ ಪ್ರಮಾಣದಲ್ಲಿ, ನನ್ನ ಮಹಾಪ್ರಬಂಧದ ತಿರುಳಾದ ವಸ್ತುಗಳು ಸಿಕ್ಕವು. ಅಣುವಿನ ರಚನೆ ತಿಳಿಯಲು ಬೇಕಾದ ಎನ್.ಎಂ.ಆರ್. ಯಂತ್ರ ನಮ್ಮಲ್ಲಿ ಇರಲಿಲ್ಲ. ದೂರದ ಸಂಸ್ಥೆಗೆ ಮಾದರಿ ಕಳಿಸಿ, ಅವರ ಬಿಡುವಿಗಾಗಿ ತಿಂಗಳುಗಟ್ಟಲೆ ಕಾಯಬೇಕಾಗಿತ್ತು. ಆ ಕಾಯುವಿಕೆ ಮಾತ್ರ ಗಂಡು ಹೆಣ್ಣಿಬ್ಬರಿಗೂ ಸಮಾನವಾಗಿತ್ತು. ಆ ಬಿಡುವಿನಲ್ಲಿ ನಾನು ಸಾವಯವ ಸಂಯುಕ್ತಗಳ ಜರ್ಮನ್ ಕೈಪಿಡಿಯಾದ ಬೈಲ್‌ಸ್ಟೈನ್ ಓದುವಷ್ಟು ಜರ್ಮನ್ ಕಲಿತೆ.

ಗ್ರಂಥಾಲಯದಲ್ಲಿ ಆದ ಒಂದು ತಿಳಿವಳಿಕೆಯನ್ನೂ ಹೇಳಬೇಕು. ಭಾರತದ ಔಷಧಿ ಸಸ್ಯಗಳ ಮೇಲಿನ ಪ್ರಬಂಧಗಳನ್ನು ಓದುವಾಗ ಅಡಿಟಿಪ್ಪಣಿಗಳಲ್ಲಿ "ಎ. ಚಟರ್ಜಿ" ಎಂಬ ಹೆಸರು ಮೇಲಿಂದ ಮೇಲೆ ಬರುತ್ತಿತ್ತು. ಹೆಸರಿನ ಮೊದಲಕ್ಷರ ಮಾತ್ರ ಹಾಕುವುದು ನಮ್ಮ ಶಾಸ್ತ್ರದ ರೂಢಿ. ಯಾರೋ ಹಿರಿಯ ಬಂಗಾಳಿ ಪ್ರಾಧ್ಯಾಪಕರೆಂದು ಎಲ್ಲರ ಹಾಗೆ ನಾನೂ ಓದಿಕೊಂಡು ಹೋಗುತ್ತಿದ್ದೆ. ಕಲ್ಕತ್ತೆಯಿಂದ ಬಂದಿದ್ದ ಅತಿಥಿಯೊಬ್ಬರು ಮಾತಿನ ನಡುವೆ "ಅಸೀಮಾದಿ", ಅಂದರೆ ಅಸೀಮಾ ಅಕ್ಕ, ಎಂದಾಗಲೇ ಆ ಎ. ಚಟರ್ಜಿ ಒಬ್ಬ ಹೆಣ್ಣುಮಗಳೆಂದು ಗೊತ್ತಾದದ್ದು. ಅಸೀಮಾ ಚಟರ್ಜಿಯವರು 1944ರಲ್ಲೇ ಕಲ್ಕತ್ತಾ ವಿಶ್ವವಿದ್ಯಾಲಯದಿಂದ ಡಿ.ಎಸ್ಸಿ. ಪಡೆದವರು, 1961ರಲ್ಲಿ ರಸಾಯನಶಾಸ್ತ್ರಕ್ಕೆ ಭಟ್ನಾಗರ್ ಪ್ರಶಸ್ತಿ ಪಡೆದವರು. 1975ರಲ್ಲಿ ಭಾರತೀಯ ವಿಜ್ಞಾನ ಕಾಂಗ್ರೆಸ್ಸಿನ ಪ್ರಧಾನ ಅಧ್ಯಕ್ಷರಾದ ಮೊದಲ ಮಹಿಳೆ. ನನ್ನದೇ ಶಾಖೆಯಲ್ಲಿ, ನನ್ನದೇ ದೇಶದಲ್ಲಿ ಇಷ್ಟು ದೊಡ್ಡವರಿದ್ದೂ ವರ್ಷಗಟ್ಟಲೆ ಅವರ ಕೆಲಸವನ್ನು ಓದುತ್ತಿದ್ದ ನನಗೆ ಅವರಿಂದ ಸಿಗಬಹುದಾಗಿದ್ದ ಧೈರ್ಯ ಸಿಗದೇ ಹೋಯಿತು. ಅಂದಿನಿಂದ ನನ್ನ ಪ್ರಬಂಧಗಳಲ್ಲಿ, ಸಂಪಾದಕರು ಬಿಟ್ಟ ಕಡೆಗಳಲ್ಲೆಲ್ಲ, ನನ್ನ ಹೆಸರನ್ನು ಪೂರ್ತಿಯಾಗಿ ಹಾಕಿಸಿದೆ.

ಮಹಾಪ್ರಬಂಧವನ್ನು ಟೈಪಿಸ್ಟ್ ಒಬ್ಬರು ಕಾರ್ಬನ್ ಇಟ್ಟು ಟೈಪು ಮಾಡಿಕೊಟ್ಟರು. ಅಣುಗಳ ರಚನೆಯನ್ನು ತೋರಿಸುವ ಷಟ್ಕೋನಗಳನ್ನೆಲ್ಲ ನಾನೇ ಸ್ಟೆನ್ಸಿಲ್ ಇಟ್ಟು ಇಂಡಿಯನ್ ಇಂಕಿನಲ್ಲಿ ಬರೆದೆ, ಪ್ರತಿಯೊಂದು ಪ್ರತಿಯಲ್ಲೂ ಬೇರೆ ಬೇರೆಯಾಗಿ. ಮೌಖಿಕ ಪರೀಕ್ಷೆಗೆ ಬಂದ ಹೊರಗಿನ ಪರೀಕ್ಷಕರು ನನ್ನನ್ನು ಎರಡು ಗಂಟೆಗೂ ಹೆಚ್ಚು ಹೊತ್ತು ಬಿಡಲಿಲ್ಲ. ಕ್ಷಾರದಲ್ಲಿ ಕುದಿಸಿದರೆ ಕರಂಜಿನ್ ಯಾವ ಯಾವ ತುಂಡುಗಳಾಗಿ ಒಡೆಯುತ್ತದೆ, ಮಿಥಾಕ್ಸಿಲ್ ಗುಂಪು ಮೂರನೆಯ ಸ್ಥಾನದಲ್ಲೇ ಇದೆಯೆಂದು ಹೇಗೆ ಹೇಳುತ್ತೀರಿ, ಫ್ಯೂರಾನ್ ಉಂಗುರ ಈ ಬದಿಗೇ ಏಕೆ, ಆ ಬದಿಗೆ ಏಕಿಲ್ಲ ಎಂದು ಒಂದರ ಹಿಂದೊಂದು ಕೇಳುತ್ತಲೇ ಹೋದರು. ಒಂದು ಕಡೆ ನನ್ನ ತರ್ಕ ಸಾಲದೆಂದು ಖಾರವಾಗಿಯೇ ಹೇಳಿದರು. ಮದುವೆಯ ಬಗ್ಗೆ ಕೇಳಲಿಲ್ಲ, ಊರಿನ ಬಗ್ಗೆ ಕೇಳಲಿಲ್ಲ, ಮುಂದೇನು ಮಾಡುತ್ತೀಯಮ್ಮ ಎಂದೂ ಕೇಳಲಿಲ್ಲ. ಅಷ್ಟು ವರ್ಷಗಳಲ್ಲಿ ನನ್ನನ್ನು ಬರೀ ರಸಾಯನಶಾಸ್ತ್ರಜ್ಞೆಯಾಗಿ ಕಂಡು ಮಾತಾಡಿದ ಮೊದಲ ಹೊರಗಿನವರು ಅವರು. ಹೊರಗೆ ಬಂದಾಗ ಸಸ್ಯಶಾಸ್ತ್ರದ ಗೆಳತಿ, "ಏನೇ, ಅಳುತ್ತಿದ್ದೀಯಾ? ಫೇಲ್ ಮಾಡಿಬಿಟ್ಟರಾ?" ಎಂದು ಗಾಬರಿಯಾದಳು.

ನಂತರ ಕಾಲೇಜೊಂದರಲ್ಲಿ ಲೆಕ್ಚರರ್ ಆದೆ, ಮದುವೆಯಾದೆ, ವಿಭಾಗದ ಮುಖ್ಯಸ್ಥೆಯೂ ಆದೆ. ಸ್ನಾತಕೋತ್ತರ ತರಗತಿಗಳು ಬಂದ ಮೇಲೆ ಪ್ರಯೋಗಾಲಯದ ಬೀಗದ ಕೈಗೆ ಒಂದು ಪುಸ್ತಕ ಇಡಿಸಿದೆ. ತಡವಾಗಿ ಉಳಿಯುವವರು ಗಂಡಾಗಲಿ ಹೆಣ್ಣಾಗಲಿ ಹೆಸರು, ನಡೆಯುತ್ತಿರುವ ಪ್ರಯೋಗ, ಬಳಸುತ್ತಿರುವ ದ್ರಾವಕ ಬರೆದು ಸಹಿ ಹಾಕಬೇಕು. ಒಬ್ಬರೇ ಉಳಿಯುವಂತಿಲ್ಲ ಎಂಬ ನಿಯಮವನ್ನು ನಾನೂ ಇಟ್ಟುಕೊಂಡೆ, ಆದರೆ ಇಬ್ಬರಿಗೂ ಸಮವಾಗಿ; ಬೆಂಕಿ ಹೊತ್ತಿಕೊಂಡರೆ ಒಬ್ಬನೇ ಇರುವ ಹುಡುಗನಿಗೂ ಅಪಾಯವೇ.

ನಾನು ನಿವೃತ್ತಳಾಗುವ ಹೊತ್ತಿಗೆ ನನ್ನ ಎಂ.ಎಸ್ಸಿ. ತರಗತಿಯಲ್ಲಿ ಹೆಣ್ಣುಮಕ್ಕಳೇ ಹೆಚ್ಚಾಗಿದ್ದರು. ಹೀಗಿದ್ದೂ ಕೆಲವು ತಿಂಗಳ ಹಿಂದೆ ಸಂಶೋಧಕಿಯೊಬ್ಬಳು ನನ್ನ ಮನೆಗೆ ಬಂದು, ತನ್ನ ವಿಭಾಗದಲ್ಲಿ ಮಿಶ್ರಣದ ಸಂಯುಕ್ತಗಳನ್ನು ಬೇರ್ಪಡಿಸುವ ಎಚ್.ಪಿ.ಎಲ್.ಸಿ. ಯಂತ್ರದ ಹಗಲಿನ ಸರದಿಯೆಲ್ಲ ಹಿರಿಯರಿಗೆ ಹೋಗಿ ಕಿರಿಯರಿಗೆ ರಾತ್ರಿಯ ಸರದಿ ಬರುತ್ತದೆಂದೂ, ಹಾಸ್ಟೆಲ್ ಗೇಟಿನ ಕಾರಣಕ್ಕೆ ಹುಡುಗಿಯರು ಅದನ್ನು ಬಿಟ್ಟುಕೊಡಬೇಕಾಗಿದೆಯೆಂದೂ, ಅನುಮತಿ ಕೇಳಿದರೆ ತಂದೆಯವರಿಂದ ಫೋನ್ ಮಾಡಿಸಲು ಹೇಳುತ್ತಾರೆಂದೂ ಹೇಳಿಕೊಂಡಳು. ಇಬ್ಬರೂ ಕೂತು ಅರ್ಜಿ ಬರೆದೆವು. ಯಂತ್ರ ಒಂದು ಮಾದರಿಗೆ ತೆಗೆದುಕೊಳ್ಳುವ ಕಾಲ, ಕಳೆದ ಅವಧಿಯಲ್ಲಿ ಬಿಟ್ಟುಹೋದ ಸರದಿಗಳು, ಅದರಿಂದ ತಡವಾದ ಅಧ್ಯಾಯಗಳು ಇಷ್ಟನ್ನೇ ಹಾಕಿದೆವು. ಕೆಳಗೆ ಅವಳ ಜೊತೆಯವರು, ಹುಡುಗರೂ ಸೇರಿದಂತೆ, ಸಹಿ ಹಾಕಿದರು. ಸರದಿಯ ಪಟ್ಟಿಯನ್ನು ಹೊಸದಾಗಿ ಮಾಡಲು ವಿಭಾಗ ಒಪ್ಪಿದೆ, ಗೇಟಿನ ಹೊತ್ತನ್ನೂ ಸಂಶೋಧಕಿಯರಿಗಾಗಿ ಸಡಿಲಿಸಿದ್ದಾರೆ. ಪ್ರಯೋಗಾಲಯದಿಂದ ಹಾಸ್ಟೆಲ್‌ಗೆ ರಾತ್ರಿ ವಾಹನದ ವ್ಯವಸ್ಥೆ ಇನ್ನೂ ಆಗಿಲ್ಲ. ಅದಕ್ಕೂ ಈಗ ಅರ್ಜಿ ಹೋಗಿದೆ.